ಪರ್ವದ ತಲೆನೋವು

ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ನಾನು "ಇಲ್ಲ" ಎಂದೆ. ಗಂಟೆ ಇಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ದಶಲಕ್ಷಣ ಪರ್ವದ ಹತ್ತು ದಿನ ನಮ್ಮ ಮನೆಯ ದೊಡ್ಡವರಿಗೆ ದಿನಕ್ಕೆ ಒಂದೇ ಊಟ, ಅದೂ ಹನ್ನೆರಡೂವರೆಗೆ. ಆ ವರ್ಷ ನನಗೆ ಹನ್ನೆರಡು ತುಂಬಿತ್ತು. ನಾನೂ ಏಕಭುಕ್ತ ಮಾಡುತ್ತೇನೆಂದು ಹಟ ಹಿಡಿದು ಕುಳಿತಿದ್ದೆ. ಎದ್ದಾಗಿನಿಂದ ಜಗಲಿಯ ಗೋಡೆ ಗಡಿಯಾರ ನೋಡುವುದೇ ಕೆಲಸ. ಊಟಕ್ಕೆ ಇನ್ನೆಷ್ಟು ಹೊತ್ತು ಎಂದು ಕಣ್ಣೆತ್ತಿದಾಗ ಮುಳ್ಳುಗಳು ಅಲ್ಲಿದ್ದವು. ಕಣ್ಣಿಳಿಸುವಷ್ಟರಲ್ಲಿ ಲೀಲಾಮ್ಮ ಸಿಸ್ಟರ್ ತಮ್ಮ ಪ್ರಶ್ನೆ ಕೇಳಿ ಮುಗಿಸಿದ್ದರು.

ಅಂದು ಹರತಾಳ. ಬಸ್ಸಿಲ್ಲ, ಶಾಲೆಯಿಲ್ಲ, ಮೀನಂಗಡಿ ಪೇಟೆಯಲ್ಲಿ ಚಿಕ್ಕಪ್ಪನ ಮೆಣಸಿನ ಅಂಗಡಿಯೂ ಇಲ್ಲ. ಹಾಗಾಗಿ ಅಪ್ಪ, ಅಮ್ಮ, ಚಿಕ್ಕಪ್ಪ ಮೂವರೂ ಬೆಳಿಗ್ಗೆಯೇ ಬಸದಿಯ ಪೂಜೆಗೆ ನಡೆದು ಹೋಗಿದ್ದರು. ಸಬ್ ಸೆಂಟರಿನ ನರ್ಸ್ ಲೀಲಾಮ್ಮ ಸಿಸ್ಟರ್ ಮನೆ ನಮ್ಮ ಗದ್ದೆಯಾಚೆಗೇ ಇತ್ತು. ಸುಮ್ಮನೆ ಕೂರುವ ಬದಲು ಹತ್ತಿರದ ಬಸುರಿಯರನ್ನಾದರೂ ನೋಡಿ ಬರೋಣವೆಂದು ಕೊಡೆ ಹಿಡಿದು ಬಂದಿದ್ದರು. ಕೈಯಲ್ಲಿ ರಿಜಿಸ್ಟರ್ ಒಂದೇ. ಪ್ರೆಷರ್ ನೋಡುವ ಪೆಟ್ಟಿಗೆ ಸಬ್ ಸೆಂಟರಿನಲ್ಲಿ ಬೀಗದೊಳಗಿತ್ತು. ಚಿಕ್ಕಮ್ಮ ಜಗಲಿಯ ಮೆಟ್ಟಿಲ ಮೇಲೆ ಕುಳಿತಿದ್ದಳು. ಮೂರನೆಯ ಬಸಿರು, ಏಳು ತಿಂಗಳು ತುಂಬಿತ್ತು. ಹುಣಸೂರಿನ ಕಡೆಯಿಂದ ಮದುವೆಯಾಗಿ ಬಂದು ಆರು ವರ್ಷವಾದರೂ ಅವಳಿಗೆ ಮಲಯಾಳ ಬರುತ್ತಿರಲಿಲ್ಲ. ಮಲಯಾಳ ಶಾಲೆಗೆ ಹೋಗುವ ನಾನೇ ಅವಳ ಬಾಯಿ, ನಾನೇ ಅವಳ ಕಿವಿ. ಅದೊಂದು ದೊಡ್ಡ ಹುದ್ದೆಯೆಂದು ನನಗೆ ಜಂಬವಿತ್ತು.

"ಇದೇನು ವಿಮಲೇ, ಆನೆ ಕಾಲು!" ಎಂದು ಸಿಸ್ಟರ್ ಬಗ್ಗಿ, ಹೆಬ್ಬೆರಳಿನಿಂದ ಅವಳ ಪಾದ ಒತ್ತಿದರು. ಒತ್ತಿದ ಜಾಗ ಗುಳಿಬಿದ್ದು ಹಾಗೇ ನಿಂತಿತು. ನಗು ನಿಲ್ಲಿಸಿ ನನ್ನ ಕಡೆ ತಿರುಗಿದರು.

"ಮೋಳೇ, ಚಿಕ್ಕಮ್ಮನ್ನ ಕೇಳು. ತಲವೇದನ ಉಂಡೋ? ತಲೆನೋವು ಇದ್ದರೆ, ಕಣ್ಣು ಮಂಜಾದರೆ, ಇವತ್ತೇ ಆಶುಪತ್ರಿ. ಹರತಾಳ ಅಂತ ಬಸುರಿಯ ಜೀಪನ್ನ ಯಾರೂ ತಡೆಯಲ್ಲ. ಅದೇನೂ ಇಲ್ಲದಿದ್ದರೆ ಬುಧವಾರ ಸಬ್ ಸೆಂಟರಿಗೆ ಬರಲಿ, ಸಾಕು."

ನಾನು ಚಿಕ್ಕಮ್ಮನನ್ನು ಕೇಳಲೇ ಇಲ್ಲ.

"ಇಲ್ಲ ಸಿಸ್ಟರ್."

ಹೇಳಿದ ಮೇಲೆ ಅಜ್ಜಿಯ ಕಡೆ ನೋಡಿದೆ. ಪರ್ವದ ದಿನಗಳಲ್ಲಿ ಊಟದವರೆಗೆ ಅವರದು ಮೌನ. ಮೂಲೆಯಲ್ಲಿ ಜಪಮಣಿ ಹಿಡಿದು ಕುಳಿತಿದ್ದವರು ನನ್ನನ್ನೇ ನೋಡುತ್ತಿದ್ದರು. ಮಲಯಾಳ ಮಾತಾಡದಿದ್ದರೂ ಅವರಿಗೆ ಎಲ್ಲ ಅರ್ಥವಾಗುತ್ತಿತ್ತು. ಮೆಲ್ಲಗೆ ಎರಡು ಸಲ ತಲೆ ಅಡ್ಡಡ್ಡ ಆಡಿಸಿದರು. ಸಿಸ್ಟರ್ ಅದನ್ನೂ ಕಂಡರು. "ಅಮ್ಮೆಯೂ ಇಲ್ಲ ಅಂತಿದ್ದಾರೆ. ಸರಿ," ಎಂದು ರಿಜಿಸ್ಟರಿನಲ್ಲಿ ಬರೆದುಕೊಂಡು ಕೊಡೆ ಬಿಚ್ಚಿದರು.

"ಏನಂತೆ ಪುಟ್ಟಿ?" ಚಿಕ್ಕಮ್ಮ ಕೇಳಿದಳು.

"ಬುಧವಾರ ಬರ್ಬೇಕಂತೆ."

ನಮ್ಮದು ಕಾಫಿ ಬೆಳೆಯುವ ಮನೆ. ಮುಂದೆ ಕಾಫಿ ಒಣಗಿಸುವ ಕಣ, ಅದಕ್ಕೆ ತಾಗಿ ಜಗಲಿ, ಒಳಗೆ ಉದ್ದದ ಪಡಸಾಲೆ, ಅದರ ಎಡಕ್ಕೆ ಅಜ್ಜಿಯ ಕೋಣೆ, ಬಲಕ್ಕೆ ಚಿಕ್ಕಪ್ಪನದು, ಹಿಂದೆ ಅಡಿಗೆಮನೆ. ವರ್ಷದ ಉಳಿದ ದಿನಗಳಲ್ಲಿ ಆ ಅಡಿಗೆಮನೆಯಿಂದ ಕಾಫಿಯ ವಾಸನೆ ಹೋದದ್ದೇ ಇಲ್ಲ. ಅಜ್ಜಿಗೆ ಬೆಳಗಾಗುವ ಮುಂಚೆ ಒಂದು ಲೋಟ, ಹತ್ತಕ್ಕೆ ಒಂದು, ಮೂರಕ್ಕೆ ಒಂದು, ಹೊತ್ತು ಮುಳುಗುವ ಮುಂಚೆ ಕೊನೆಯದು. ಕತ್ತಲಾದ ಮೇಲೆ ಅವರು ನೀರನ್ನೂ ಮುಟ್ಟುತ್ತಿರಲಿಲ್ಲ. ಪರ್ವ ಬಂತೆಂದರೆ ಈರುಳ್ಳಿ, ಆಲೂಗಡ್ಡೆಯ ಬುಟ್ಟಿಗಳು ಹೊರಗೆ ಹೋಗುತ್ತಿದ್ದವು. ಕಾಫಿ ಡಬ್ಬಿ ಅಟ್ಟ ಸೇರುತ್ತಿತ್ತು. ಎರಡನೆಯ ದಿನ ಮಧ್ಯಾಹ್ನಕ್ಕೆ ಮನೆಯಲ್ಲಿ ಎಲ್ಲರಿಗೂ ತಲೆನೋವು ಶುರು. ಅದಕ್ಕೆ ಪರ್ವದ ತಲೆನೋವು ಎಂದೇ ಹೆಸರು. ಅಜ್ಜಿ ಹಣೆಗೆ ಬಟ್ಟೆ ಬಿಗಿದುಕೊಂಡು, ಕರ್ಮ ಕಳೆಯುವಾಗ ಇಷ್ಟಾದರೂ ನೋವಾಗಬೇಕು ಎನ್ನುತ್ತಿದ್ದರು. ಅಪ್ಪ ಮತ್ತು ಚಿಕ್ಕಪ್ಪ, ನಿನಗೆಷ್ಟು ನನಗೆಷ್ಟು ಎಂದು ಒಬ್ಬರನ್ನೊಬ್ಬರು ರೇಗಿಸುತ್ತಿದ್ದರು. ತಲೆ ನೋಯದವರು ಕದ್ದು ಏನೋ ತಿಂದಿದ್ದಾರೆ ಎಂದು ಅರ್ಥ. ಬಹಳ ವರ್ಷಗಳ ಮೇಲೆ ಕಾಲೇಜಿನಲ್ಲಿ ಓದುವಾಗ, ದಿನಾ ಕುಡಿಯುವ ಕಾಫಿ ಒಮ್ಮೆಗೇ ನಿಂತರೆ ತಲೆ ಹೀಗೆ ನೋಯುತ್ತದೆ ಎಂಬುದನ್ನು ಪುಸ್ತಕದಲ್ಲಿ ಕಂಡೆ. ಪುಸ್ತಕ ಮುಚ್ಚಿ ಹಾಸ್ಟೆಲಿನ ಮೆಟ್ಟಿಲ ಮೇಲೆ ತುಂಬಾ ಹೊತ್ತು ಕುಳಿತಿದ್ದೆ.

ಬಸುರಿಗೆ ವ್ರತದ ಕಟ್ಟುಪಾಡು ಇರಲಿಲ್ಲ. ಅಜ್ಜಿಯೇ ಅವಳಿಗೆ ಬೇಡವೆಂದಿದ್ದರು. ಹಟ ಮಾಡಿದ್ದು ಚಿಕ್ಕಮ್ಮ. ಗಂಡುಮಗುವಿಗಾಗಿ ಮಾಡುತ್ತಿದ್ದಾಳೆಂದು ಅಜ್ಜಿ ಒಳಗೊಳಗೇ ಮೆಚ್ಚಿದರು. ಇಬ್ಬರು ಹೆಣ್ಣುಮಕ್ಕಳಿದ್ದರು ಅವಳಿಗೆ, ನಾಲ್ಕು ವರ್ಷದವಳು ಒಬ್ಬಳು, ಎರಡು ವರ್ಷದವಳು ಒಬ್ಬಳು. ನಿಜ ಸಂಗತಿ ನನಗೊಬ್ಬಳಿಗೇ ಗೊತ್ತಿತ್ತು. ಪರ್ವಕ್ಕೆ ನಾಲ್ಕು ದಿನವಿರುವಾಗ, ಅಕ್ಕಿ ಆರಿಸುತ್ತ ಕುಳಿತಿದ್ದಾಗ ಅವಳು ಮೊರದ ಮೇಲಿಂದ ತಲೆಯೆತ್ತದೆ ಹೇಳಿದ್ದಳು.

"ಪುಟ್ಟಿ, ಸಿಸ್ಟರ್ ಬಂದ್ರೆ ಒಂದು ಮಾತು ಕೇಳಿಕೊಡ್ತೀಯಾ? ಇದಾದ ಮೇಲೆ ನಿಲ್ಲಿಸೋದು ಹೇಗೆ ಅಂತ. ಅತ್ತೆ ಎದುರಿಗೆ ಬೇಡ ಕಣೆ."

"ಅಮ್ಮ ಮಾಡಿಸ್ಕೊಂಡಿದಾರಲ್ಲ, ಅವರನ್ನೇ ಕೇಳಿ."

"ಅಕ್ಕ ಮಾಡಿಸ್ಕೊಂಡು ಏನು ಪಟ್ಟರು ಅಂತ ನೋಡಿದೀನಲ್ಲ. ಬೇಡಪ್ಪ. ಸಿಸ್ಟರ್ ಹೇಳದಿದ್ರೆ ಸ್ವಾಮಿನೇ ಕೇಳ್ಕೋತೀನಿ. ಹತ್ತು ದಿನ ವ್ರತ ಮಾಡ್ತೀನಿ, ಇದೇ ಕೊನೇದಾಗ್ಲಿ ಅಂತ."

ಅಮ್ಮ ನನ್ನ ತಮ್ಮ ಹುಟ್ಟಿದ ಮೇಲೆ ತವರಿನಲ್ಲಿದ್ದಾಗಲೇ ಆಪರೇಷನ್ ಮಾಡಿಸಿಕೊಂಡು, ವಾರ ಕಳೆದ ಮೇಲೆ ಅತ್ತೆಗೆ ಸುದ್ದಿ ಮುಟ್ಟಿಸಿದ್ದಳು. ಅಜ್ಜಿ ಒಂದು ವರ್ಷ ಅವಳ ಕೈಯಿಂದ ನೀರು ತೆಗೆದುಕೊಳ್ಳಲಿಲ್ಲ. ಬೈಯಲಿಲ್ಲ, ಜಗಳವಾಡಲಿಲ್ಲ. ಅಮ್ಮ ಲೋಟ ತಂದಿಟ್ಟರೆ ಎದ್ದು ಹೋಗಿ ತಾವೇ ಬಗ್ಗಿಸಿಕೊಂಡು ಕುಡಿಯುತ್ತಿದ್ದರು. ಚಿಕ್ಕಮ್ಮನಿಗೆ ಎರಡನೆಯದಾದ ಮೇಲೆ ಸಿಸ್ಟರ್ ಕಾಪರ್ ಟಿ ಹಾಕಿಸಿಕೊಳ್ಳಲು ಹೇಳಿದಾಗಲೂ ಅಜ್ಜಿ ಒಪ್ಪಲಿಲ್ಲ. ಒಳಗೆ ಜೀವ ಬಂದು ಬಂದು ಸಾಯುತ್ತದೆ, ಇರುವೆ ತುಳಿಯದೆ ನಡೆಯುವ ಮನೆಯಲ್ಲಿ ತಿಂಗಳು ತಿಂಗಳೂ ಆ ಹಿಂಸೆ ಬೇಡ ಎಂಬುದು ಅವರ ವಾದ. ಬಸದಿಯಲ್ಲಿ ಪೂಜೆಗೆ ಸೇರುವ ಮಂದಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆಂಬ ಚಿಂತೆಯೂ ಅವರಿಗಿತ್ತು. ಅಷ್ಟಾಗಿಯೂ ಅವರು ಕೆಟ್ಟ ಅತ್ತೆಯಾಗಿರಲಿಲ್ಲ. ಚಿಕ್ಕಮ್ಮನ ಕಾಲಿಗೆ ದಿನಾ ಸಂಜೆ ಎಣ್ಣೆ ತಿಕ್ಕುತ್ತಿದ್ದವರು ಅವರೇ. ಆಸ್ಪತ್ರೆಯೆಂದರೆ ಮಾತ್ರ ಅವರಿಗೆ ಹೆದರಿಕೆ. ಪಡಸಾಲೆಯ ಗೋಡೆಯಲ್ಲಿ ಗಂಧದ ಹಾರ ಹಾಕಿದ್ದ ಒಂದು ಫೋಟೋ ಇತ್ತು, ಅಪ್ಪನ ತಂಗಿಯದು. ನಾನು ಹುಟ್ಟುವ ಮುಂಚೆ ಹೆರಿಗೆ ಕಷ್ಟವಾಗಿ ಚುರ ಇಳಿಸಿ, ಅಂದರೆ ಘಟ್ಟದ ತಿರುವುಗಳನ್ನಿಳಿಸಿ, ಕೋಝಿಕ್ಕೋಡಿಗೆ ಒಯ್ದಿದ್ದರು. ಅಜ್ಜಿ ಆ ಮಾತು ಬಂದಾಗಲೆಲ್ಲ ಒಂದೇ ಸಾಲು ಹೇಳುತ್ತಿದ್ದರು: "ಚುರ ಇಳಿದು ಹೋದಳು ನನ್ನ ಮಗಳು. ಹತ್ತಿ ಬರಲಿಲ್ಲ."

ಸೋಮವಾರ ಬೆಳಿಗ್ಗೆ ಬಚ್ಚಲಲ್ಲಿ ಮುಖ ತೊಳೆಯುವಾಗ ಚಿಕ್ಕಮ್ಮ ನನಗೆ ಹೇಳಿದ್ದಳು, ತಲೆ ಸೀಳಿಹೋಗುವ ಹಾಗಿದೆ, ಕಣ್ಣ ಮುಂದೆ ಮಿಂಚುಹುಳ ಹಾರಿದ ಹಾಗಾಗುತ್ತದೆ ಎಂದು. "ನನಗೂ ಹಾಗೇ ಚಿಕ್ಕಮ್ಮ," ಎಂದು ನಾನು ಹೆಮ್ಮೆಯಿಂದ ಹೇಳಿದ್ದೆ. ಹಿಂದಿನ ದಿನ ಅಜ್ಜಿಗೂ ಅವಳು ಹೇಳಿಕೊಂಡಿದ್ದಳು. ಪರ್ವ ಕಣೇ, ಇನ್ನು ಆರು ದಿನ ತಡಕೋ ಎಂದು ಅವರು ತಮ್ಮ ಹಣೆಯ ಬಟ್ಟೆಯನ್ನೇ ಬಿಚ್ಚಿ ಅವಳಿಗೆ ಕಟ್ಟಿದ್ದರು. ಹಾಗಾಗಿ ಸಿಸ್ಟರ್ ಕೇಳಿದಾಗ ಇಲ್ಲ ಎಂದದ್ದು ಸುಳ್ಳೇ ಅಲ್ಲ, ಎಲ್ಲರಿಗೂ ಇರುವ ತಲೆನೋವು ತಲೆನೋವಲ್ಲ ಎಂದು ನಾನು ತಿಳಿದಿದ್ದೆ ಅಂತ ಹೇಳಿಕೊಳ್ಳಬಹುದು. ಕೆಲವು ವರ್ಷ ನನಗೆ ನಾನೇ ಹಾಗೆ ಹೇಳಿಕೊಂಡೆ. ಆದರೆ ಪ್ರಶ್ನೆ ಕೇಳಿದ ಕ್ಷಣ ನನ್ನ ತಲೆಯಲ್ಲಿ ಬಂದದ್ದು ಬೇರೆ. ಬುಧವಾರ ಶಾಲೆಯಲ್ಲಿ ಓಣದ ಆಚರಣೆ. ಎಂಟು ಹುಡುಗಿಯರ ತಿರುವಾದಿರ ನೃತ್ಯದಲ್ಲಿ ನಾನೂ ಇದ್ದೆ. ಕಸವು ಎಂಬ ಚಿನ್ನದ ಜರಿ ಅಂಚಿನ ಬಿಳಿ ಸೆಟ್ಟುಮುಂಡು ಇಸ್ತ್ರಿಯಾಗಿ ಕಪಾಟಿನಲ್ಲಿತ್ತು. ಚಿಕ್ಕಮ್ಮ ಆಸ್ಪತ್ರೆ ಸೇರಿದರೆ ಅಮ್ಮ ಜೊತೆಗೆ ಹೋಗುತ್ತಾಳೆ, ಆ ಇಬ್ಬರು ಮಕ್ಕಳನ್ನು ನೋಡಿಕೊಳ್ಳಲು ನಾನು ಮನೆಯಲ್ಲಿ ಉಳಿಯಬೇಕಾಗುತ್ತದೆ. ಇಷ್ಟನ್ನು ಯೋಚಿಸಲು ಎಷ್ಟು ಹೊತ್ತು ಬೇಕು? ನನಗೆ ಬೇಕಾಗಲಿಲ್ಲ.

ಮರುದಿನ ಮಂಗಳವಾರ ಶಾಲೆಯಿಂದ ಬಂದಾಗ ನಾಲ್ಕೂ ಕಾಲು. ಹೊತ್ತು ಮುಳುಗುವ ಮುಂಚೆ ಮಕ್ಕಳ ಊಟ ಮುಗಿಯಬೇಕೆಂದು ಚಿಕ್ಕಮ್ಮ ಒಲೆಯ ಮುಂದೆ ನಿಂತು ದೋಸೆ ಹುಯ್ಯುತ್ತಿದ್ದಳು. ಅಮ್ಮ ಕಣದಲ್ಲಿದ್ದಳು. ನಾನು ಚೀಲ ಇಳಿಸುತ್ತಿದ್ದಂತೆ ಚಿಕ್ಕಮ್ಮ, "ಪುಟ್ಟಿ, ಯಾಕೆ ಇಬ್ಬರು ಕಾಣ್ತಿದೀರಾ?" ಎಂದಳು. ನಾನು ನಕ್ಕೆ. ಅವಳ ಕೈಯಿಂದ ಸೌಟು ಬಿತ್ತು. ಬಗ್ಗಿ ಎತ್ತಿಕೊಳ್ಳುತ್ತಾಳೆ ಎಂದುಕೊಂಡೆ. ಬಗ್ಗಲಿಲ್ಲ. ಮುಖ ಒಂದು ಬದಿಗೆ ಎಳೆಯಿತು, ಕಣ್ಣು ಮೇಲಕ್ಕೆ ಹೋಯಿತು, ನಿಂತ ಹಾಗೇ ಹಿಂದಕ್ಕೆ ಬಿದ್ದಳು. ಹಿಮ್ಮಡಿಗಳು ನೆಲಕ್ಕೆ ಬಡಿಯುವ ಸದ್ದು. ಹಲ್ಲು ಕಚ್ಚಿದ ಸದ್ದು. ತುಟಿಯ ಬದಿಯಿಂದ ನೊರೆ ಬಂತು, ಆ ನೊರೆಯಲ್ಲಿ ರಕ್ತವಿತ್ತು. ಕಾವಲಿಯ ಮೇಲೆ ದೋಸೆ ಕಪ್ಪಗಾಗುತ್ತಿತ್ತು, ನಾನು ಅದನ್ನೇ ನೋಡುತ್ತ ನಿಂತಿದ್ದೆ. ಕಿರುಚಿದ್ದು ನಾನಲ್ಲ, ಬಾಗಿಲಲ್ಲಿದ್ದ ನಾಲ್ಕು ವರ್ಷದವಳು.

ಅಜ್ಜಿ ಓಡಿ ಬಂದು, "ಕಬ್ಬಿಣ ತನ್ನಿ, ಕಬ್ಬಿಣ!" ಎಂದು ಸೊಂಟದ ಬೀಗದಕೈ ಗೊಂಚಲನ್ನು ಅವಳ ಮುಷ್ಟಿಗೆ ತುರುಕಿದರು. ಅಮ್ಮ ಬಂದವಳೇ ಅದನ್ನು ಕಿತ್ತು ಎಸೆದು, ಚಿಕ್ಕಮ್ಮನನ್ನು ಪಕ್ಕಕ್ಕೆ ಹೊರಳಿಸಿದಳು. ಮೈ ಒಮ್ಮೆ ಸಡಿಲವಾಯಿತು. ಮತ್ತೆ ಶುರುವಾಯಿತು.

"ತಲೆನೋವು ಅಂದಿದ್ಳಾ ಇವಳು? ಎಷ್ಟು ದಿನದಿಂದ?" ಅಮ್ಮ ಕೂಗಿದಳು.

"ಪರ್ವದ್ದು ಕಣೇ ಪದ್ಮಾ, ಪರ್ವದ್ದು..." ಎನ್ನುತ್ತಲೇ ಅಜ್ಜಿಯ ಮಾತು ನಿಂತಿತು. ಅವರು ನನ್ನ ಮುಖ ನೋಡಿದರು. ಸಿಸ್ಟರ್ ಕೇಳಿದ್ದು ನಮ್ಮಿಬ್ಬರಿಗೂ ಒಟ್ಟಿಗೇ ನೆನಪಾಯಿತು.

ಅಪ್ಪ ಜೀಪು ತಂದರು. ಹಿಂದಿನ ಸೀಟಿಗೆ ಹಾಸಿಗೆ ಹಾಕಿ ಮಲಗಿಸಿದರು. ಅಜ್ಜಿ ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅವರು ಬರಿಗಾಲಲ್ಲೇ ಹತ್ತಿ, ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತರು. ಮೀನಂಗಡಿಯಲ್ಲಿ ಚಿಕ್ಕಪ್ಪನನ್ನು ಹತ್ತಿಸಿಕೊಂಡರು. ಕಲ್ಪೆಟ್ಟದಲ್ಲಿ ನೋಡಿದ ಡಾಕ್ಟರು, ಪ್ರೆಷರ್ ಏರಿ ಬಂದ ಸೆಳವು ಎಂದು ಚುಚ್ಚುಮದ್ದು ಕೊಟ್ಟು, ಕೂಡಲೇ ಕೋಝಿಕ್ಕೋಡಿಗೆ ಹೊರಡಿ ಎಂದರಂತೆ. ಮಗಳು ಹೋದ ಮೇಲೆ ಅಜ್ಜಿ ಚುರ ಇಳಿದದ್ದು ಅದೇ ಮೊದಲು. ತಿರುವು ತಿರುವಿಗೂ ಚಿಕ್ಕಮ್ಮನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದರೆಂದು ಅಮ್ಮ ಆಮೇಲೆ ಹೇಳಿದಳು.

ಮನೆಯಲ್ಲಿ ನಾನು, ನನ್ನ ತಮ್ಮ, ಆ ಇಬ್ಬರು ಮಕ್ಕಳು. ಪಕ್ಕದ ಮನೆಯವರು ಬಂದು ಜೊತೆಗೆ ಮಲಗಿದರು. ಬುಧವಾರ ಬೆಳಿಗ್ಗೆ ಮಕ್ಕಳು ಅಳು ನಿಲ್ಲಿಸಲಿಲ್ಲ. ಹಾಲು ಕೊಟ್ಟೆ, ಬೊಂಬೆ ಕೊಟ್ಟೆ, ಆಗಲಿಲ್ಲ. ಕೊನೆಗೆ ಕಪಾಟಿನಿಂದ ಸೆಟ್ಟುಮುಂಡು ತೆಗೆದು ಉಟ್ಟುಕೊಂಡು, ಪಡಸಾಲೆಯಲ್ಲಿ ಚಪ್ಪಾಳೆ ತಟ್ಟುತ್ತ ತಿರುವಾದಿರ ಕುಣಿದೆ. ದೊಡ್ಡವಳು ಅಳು ನಿಲ್ಲಿಸಿ ತಾನೂ ಚಪ್ಪಾಳೆ ತಟ್ಟಿದಳು. ಚಿಕ್ಕವಳು ನನ್ನ ಸೆರಗು ಹಿಡಿದು ಸುತ್ತು ಹಾಕಿದಳು. ಇನ್ನೊಂದು ಸಲ, ಇನ್ನೊಂದು ಸಲ ಎಂದರು. ಮೂರನೆಯ ಸಲ ಕುಣಿಯುತ್ತಿದ್ದಾಗ ಫೋನು ಹೊಡೆದುಕೊಂಡಿತು. ಅಪ್ಪ. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು, ಮಗುವಿಗೆ ಜೀವವಿರಲಿಲ್ಲ, ಚಿಕ್ಕಮ್ಮನಿಗೆ ಇನ್ನೂ ಎಚ್ಚರ ಬಂದಿಲ್ಲ ಎಂದರು. ಹುಂ, ಹುಂ ಎಂದೆ. ಸೆಟ್ಟುಮುಂಡಿನಲ್ಲೇ ನಿಂತು ಎಂದೆ. ಆ ಬಟ್ಟೆಯನ್ನು ಮತ್ತೆ ಉಡಲಿಲ್ಲ, ಮನೆಯಲ್ಲಿ ಯಾರೂ ಯಾಕೆ ಎಂದು ಕೇಳಲಿಲ್ಲ.

ಎಚ್ಚರ ಬಂದದ್ದು ಮೂರನೆಯ ದಿನ. ಮನೆಗೆ ಬಂದದ್ದು ಇನ್ನೂ ಮೂರು ವಾರ ಕಳೆದು. ಮಗುವಿನ ವಿಷಯ, ಗಂಡೋ ಹೆಣ್ಣೋ ಎಂಬುದನ್ನು, ನಮ್ಮ ಮನೆಯಲ್ಲಿ ಇಂದಿಗೂ ಯಾರೂ ಬಾಯಿಬಿಟ್ಟು ಹೇಳಿಲ್ಲ. ಆಪರೇಷನ್ನಿಗೆ ಒಯ್ಯುವ ಮುಂಚೆ ಡಾಕ್ಟರು, ಮುಂದೆ ಮಕ್ಕಳಾಗದ ಹಾಗೆ ಈಗಲೇ ಮಾಡಿಬಿಡಲೇ ಎಂದು ಕೇಳಿದ್ದರಂತೆ. ಚಿಕ್ಕಪ್ಪ ಅಜ್ಜಿಯ ಮುಖ ನೋಡಿದರು. ಅಜ್ಜಿ ಗೋಡೆ ನೋಡಿದರು. ಹೂಂ ಎನ್ನಬಹುದಾಗಿದ್ದ ಅಮ್ಮ ಕೂಡ ಸುಮ್ಮನಿದ್ದಳು. ಮನೆಗೆ ಕಳಿಸುವಾಗ ಅದೇ ಡಾಕ್ಟರು ಹೇಳಿದ ಮಾತು ಬೇರೆ: ಇನ್ನೊಂದು ಬಸಿರಾದರೆ ಇದೇ ಅಪಾಯ ಮತ್ತೆ ಬರಬಹುದು, ಆಗ ಇವಳು ಉಳಿಯುತ್ತಾಳೆಂದು ನಾನು ಹೇಳಲಾರೆ.

ಅಲ್ಲಿಂದ ಮನೆಯಲ್ಲಿ ನಿದ್ದೆ ಹೋಯಿತು. ಚಿಕ್ಕಮ್ಮ ತನ್ನ ಕೋಣೆಗೆ ಹೋಗಲು ಒಪ್ಪಲಿಲ್ಲ. ಅಜ್ಜಿಯ ಕೋಣೆಯಲ್ಲಿ, ಅಜ್ಜಿಗೂ ನನಗೂ ನಡುವೆ ಮಲಗುತ್ತಿದ್ದಳು. ಚಿಕ್ಕಪ್ಪ ಒಳ್ಳೆಯ ಮನುಷ್ಯ. ತಾವೇ ಜಗಲಿಗೆ ಚಾಪೆ ಒಯ್ದರು. ಒಳಗೆ ಅವಳು ಕಣ್ಣು ಮುಚ್ಚಿದರೆ ಅಜ್ಜಿ ಎದ್ದು ಕೂರುತ್ತಿದ್ದರು. ಅವಳ ಕೈ ಸ್ವಲ್ಪ ಅದುರಿದರೂ ಟಾರ್ಚು ಹಾಕಿ ಮುಖ ನೋಡುತ್ತಿದ್ದರು. ಬೆಳಕಿಗೆ ಅವಳು ಬೆಚ್ಚಿ ಏಳುತ್ತಿದ್ದಳು. ಅಜ್ಜಿ ಕಾಫಿ ಬಿಟ್ಟರು. ಪರ್ವ ಮುಗಿದು ಅಟ್ಟದಿಂದ ಡಬ್ಬಿ ಇಳಿಸಿದಾಗ, ನನಗೆ ಇನ್ನು ಬೇಡ ಎಂದರು. ಒಂದು ತಿಂಗಳಿಗೋ ಎಂದು ಅಪ್ಪ ಕೇಳಿದ್ದಕ್ಕೆ, ಇರುವವರೆಗೆ ಎಂದರು. ತಪ್ಪಾದರೆ ಪ್ರಿಯವಾದ ಒಂದು ವಸ್ತುವನ್ನು ತ್ಯಾಗ ಮಾಡುವುದು ನಮ್ಮಲ್ಲಿ ಇದ್ದದ್ದೇ.

"ನೀವ್ಯಾಕೆ ಅತ್ತೆ ಇದನ್ನೆಲ್ಲ ತಲೆ ಮೇಲೆ ಹಾಕ್ಕೋತೀರಿ?" ಎಂದು ಅಮ್ಮ ಒಮ್ಮೆ ಅಡಿಗೆಮನೆಯಲ್ಲಿ ಕೇಳಿದಳು.

"ಮಗು ಇತ್ತು ಜಗಲಿಯಲ್ಲಿ. ನಾನು ತಲೆ ಆಡಿಸಿದೆ. ಅದು ನನ್ನ ಮುಖ ನೋಡ್ಕೊಂಡು ಇಲ್ಲ ಅಂತು. ಇಲ್ಲದಿದ್ರೆ ಅದ್ಯಾಕೆ ಸುಳ್ಳು ಹೇಳೀತು? ಚುರ ಇಳಿಸ್ತಾರೆ ಅನ್ನೋ ಪೇಡಿ ನನಗೆ. ಆ ಹೆದರಿಕೆಗೆ ಒಂದು ಜೀವ ಹೋಯ್ತು."

ನಾನು ಬಾಗಿಲ ಈಚೆ ನಿಂತು ಕೇಳಿಸಿಕೊಂಡೆ. ಅವರು ತಲೆ ಆಡಿಸಿದ್ದು ನಾನು ಹೇಳಿದ ಮೇಲೆ. ಒಳಗೆ ಹೋಗಿ ಹೇಳಲು ನಾಲ್ಕು ಹೆಜ್ಜೆ ಸಾಕಾಗಿತ್ತು. ಕಣದ ಕಡೆ ಹೋದೆ.

ಸಿಸ್ಟರ್ ಮತ್ತೆ ಬಂದದ್ದು ಓಣ ಕಳೆದು ತಿಂಗಳಾದ ಮೇಲೆ. ಈ ಸಲ ಪೆಟ್ಟಿಗೆ ತಂದಿದ್ದರು. ಪ್ರೆಷರ್ ಇನ್ನೂ ಇಳಿದಿಲ್ಲ, ಮಾತ್ರೆ ಬಿಡಬಾರದು ಎಂದರು. ಅಮ್ಮ ಮನೆಯಲ್ಲೇ ಇದ್ದಳು, ಹಾಗಾಗಿ ಮಾತು ತಿರುಗಿಸಿ ಹೇಳುವ ಕೆಲಸ ಅವಳದು. ನನ್ನನ್ನು ಯಾರೂ ಕರೆಯಲಿಲ್ಲ. ಮುಂದೆ ಏನು ಮಾಡುತ್ತೀರಿ ಎಂದು ಸಿಸ್ಟರ್ ಕೇಳಿದರು. ಅಜ್ಜಿಯೇ ಬಾಯಿ ತೆರೆದರು.

"ಅವಳೇನೋ ಗಂಡು ಬೇಕು ಅಂತ ವ್ರತ ಹಿಡಿದಿದ್ದಳು. ಆ ಆಸೆ ಇದ್ರೆ ನಾನು ಹೇಗೆ..."

"ಅತ್ತೆ," ಎಂದಳು ಚಿಕ್ಕಮ್ಮ. ಅಷ್ಟು ದಿನಗಳಲ್ಲಿ ಅವಳ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. "ಗಂಡಿಗೋಸ್ಕರ ಅಲ್ಲ. ಇದೇ ಕೊನೇದಾಗ್ಲಿ ಅಂತ ಕೇಳ್ಕೊಂಡೆ. ಸ್ವಾಮಿ ಹಾಗೇ ಮಾಡಿದ. ನಾನು ಕೇಳಿದ್ದಕ್ಕೇ ಮಗು ಹೋಯ್ತು. ರಾತ್ರಿಯೆಲ್ಲ ಅದೇ ಬರುತ್ತೆ ಕಣ್ಣ ಮುಂದೆ."

ಅಜ್ಜಿ ಎದ್ದು ಹೋಗುತ್ತಾರೆ ಎಂದುಕೊಂಡೆ. ಅವರು ಕುಳಿತಲ್ಲಿಂದಲೇ ಸರಿದು ಸರಿದು ಅವಳ ಹತ್ತಿರ ಬಂದು, ಅವಳ ಕಾಲನ್ನು ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. ಎಣ್ಣೆಯಿರಲಿಲ್ಲ, ಬರಿಗೈಯಲ್ಲಿ ತಿಕ್ಕಿದರು.

"ಹುಚ್ಚಿ. ನನಗೆ ಹೇಳಬಾರದಾಗಿತ್ತಾ?"

"ನಿಮಗೆ ಹೇಳಿ ನಾನು ಪಟ್ಟದ್ದು ನೋಡಿದ್ಲಲ್ಲ ಅತ್ತೆ," ಎಂದಳು ಅಮ್ಮ. ಅಜ್ಜಿ ಅವಳ ಇನ್ನೊಂದು ಕಾಲನ್ನೂ ಎತ್ತಿಕೊಂಡರು.

ಸಿಸ್ಟರಿಗೆ ಎಲ್ಲವನ್ನೂ ಅಮ್ಮ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿಕೊಂಡು, ಇವಳ ಮೈಗೆ ಈಗ ಇನ್ನೊಂದು ಆಪರೇಷನ್ ಬೇಡ, ಗಂಡನಿಗೆ ಮಾಡಿಸಿ, ಹತ್ತು ಹದಿನೈದು ನಿಮಿಷದ ಕೆಲಸ, ಸಂಜೆಗೆ ಮನೆಗೆ ಬರಬಹುದು ಎಂದರು. ಅಮ್ಮ ಅದನ್ನು ಕನ್ನಡದಲ್ಲಿ ಹೇಳುವಾಗ ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು.

"ಗಂಡಸಿಗಾ?" ಎಂದರು ಅಜ್ಜಿ.

"ಅಮ್ಮೇ, ಮಕ್ಕಳಾಗೋದು ಇಬ್ಬರಿಂದ ತಾನೇ? ನಾನು ಇಷ್ಟು ವರ್ಷದಿಂದ ಮನೆ ಮನೆ ಸುತ್ತಿದೀನಿ. ಹೆಂಗಸರು ಹೊಟ್ಟೆ ಕೊಯ್ಸಿಕೊಂಡು ಮಾರನೇ ದಿನ ಪಾತ್ರೆ ತೊಳೀತಾರೆ. ಈ ಗಂಡಸರು ಸೂಜಿ ಕಂಡರೆ ಕಾಫಿ ಗಿಡದ ಹಿಂದೆ ಬಚ್ಚಿಟ್ಟುಕೊಳ್ತಾರೆ!"

ಅಜ್ಜಿ ನಗಲಿಲ್ಲ. ಮಲಯಾಳದಲ್ಲಿ, ತಡೆದು ತಡೆದು, ತಾವೇ ಕೇಳಿದರು. ಅದರಲ್ಲಿ ಜೀವ ಸಾಯುತ್ತದೆಯೇ? ಹುಟ್ಟಿದ ಜೀವಕ್ಕೆ ಏನಾದರೂ ಹಿಂಸೆಯಿದೆಯೇ? ಜೀವ ಹುಟ್ಟುವುದೇ ಇಲ್ಲ, ಇನ್ನು ಹಿಂಸೆ ಎಲ್ಲಿಯದು ಎಂದು ಸಿಸ್ಟರ್ ಹೇಳಿದರು. ಅಜ್ಜಿ ಅಮ್ಮನ ಕಡೆ ತಿರುಗಿದರು.

"ನೀನು ಮಾಡಿಸ್ಕೊಂಡಾಗಲೂ ಹಾಗೇ ಏನೇ?"

"ಹಾಗೇ ಅತ್ತೆ. ನೀವು ಕೇಳಲಿಲ್ಲ."

ಅಂದು ಸಂಜೆ ಅಂಗಡಿಯಿಂದ ಬಂದ ಚಿಕ್ಕಪ್ಪನನ್ನು ಅಜ್ಜಿ ಕೋಣೆಗೆ ಕರೆದು ಬಾಗಿಲು ಹಾಕಿಕೊಂಡರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಹೊರಗೆ ಬಂದ ಚಿಕ್ಕಪ್ಪನ ಕಿವಿ ಕೆಂಪಾಗಿತ್ತು. ನಾನು ಆವತ್ತೇ ಮಾಡಿಸಿಕೊಳ್ಳಬೇಕಿತ್ತು ಅತ್ತಿಗೆ, ಯಾರೂ ಹೇಳಲೇ ಇಲ್ಲ ಎಂದರು ಅಮ್ಮನಿಗೆ. ಯಾರಾದರೂ ಹೇಳಲಿ ಎಂದು ಎಲ್ಲರೂ ಕಾದ ಮನೆ ನಮ್ಮದು.

ಮುಂದಿನ ಗುರುವಾರ ಅಪ್ಪ ಅವರನ್ನು ಜೀಪಿನಲ್ಲಿ ಕಲ್ಪೆಟ್ಟಕ್ಕೆ ಕರೆದೊಯ್ದರು. ಮಧ್ಯಾಹ್ನ ಮೂರಕ್ಕೆ ಜೀಪು ಕಣಕ್ಕೆ ಬಂತು. ಚಿಕ್ಕಪ್ಪ ಹೊಸದಾಗಿ ಸೈಕಲ್ ಕಲಿತವರ ಹಾಗೆ ಕಾಲು ಅಗಲಿಸಿ ನಡೆದು ಬಂದರು. ಅಮ್ಮ ಅಡಿಗೆಮನೆಗೆ ಓಡಿ ಹೋಗಿ ನಕ್ಕಳು, ಅವಳ ನಗು ಜಗಲಿಗೂ ಕೇಳಿಸಿತು. ಚಿಕ್ಕಮ್ಮನ ತುಟಿಯೂ ಸ್ವಲ್ಪ ಅಲುಗಿತು. ಅಜ್ಜಿ ಮಗನಿಗೆ ತಾವೇ ಊಟ ಬಡಿಸಿದರು, ತುಪ್ಪ ಎರಡು ಸಲ ಹಾಕಿದರು. ಸೂಜಿ ದೊಡ್ಡದಿತ್ತಾ ಎಂದು ಅಪ್ಪ ಕೇಳಿದ್ದಕ್ಕೆ ಚಿಕ್ಕಪ್ಪ, "ಕಾಫಿ ಗಿಡ ಹುಡುಕಿದೆ ಅಣ್ಣ, ಅಲ್ಲಿ ಇರಲಿಲ್ಲ," ಎಂದರು. ಎಷ್ಟೋ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ಪಡಸಾಲೆಯಲ್ಲಿ ಕುಳಿತಿದ್ದೆವು. ಹೊತ್ತು ಮುಳುಗಿತು.

ಅಂದು ಹಾಸಿಗೆ ಹಾಸುವಾಗ, ಇವತ್ತು ಅಜ್ಜಿಗೆ ಹೇಳುತ್ತೇನೆ ಎಂದು ನಿರ್ಧರಿಸಿದ್ದೆ. ಮಾತನ್ನೂ ಜೋಡಿಸಿಟ್ಟುಕೊಂಡಿದ್ದೆ: ಅಜ್ಜಿ, ನಾನು ನಿಮ್ಮ ಮುಖ ನೋಡಿ ಇಲ್ಲ ಅನ್ನಲಿಲ್ಲ, ಅಂದ ಮೇಲೆ ನೋಡಿದೆ, ನನಗೆ ಕುಣಿತಕ್ಕೆ ಹೋಗಬೇಕಿತ್ತು. ಚಿಕ್ಕಮ್ಮ ಮಲಗಲಿ ಎಂದು ಕಾದೆ. ಅವಳ ಉಸಿರು ನಿಧಾನವಾಯಿತು. ಅಜ್ಜಿ ಎದ್ದು ಕೂರಲಿಲ್ಲ, ಟಾರ್ಚು ಹಾಕಲಿಲ್ಲ. ಈಗ ಹೇಳಬೇಕು ಎಂದುಕೊಂಡೆ. ಆಮೇಲಿನದು ನೆನಪಿಲ್ಲ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬಿಸಿಲಿತ್ತು. ಚಿಕ್ಕಮ್ಮ ಬಾಯಿ ತೆರೆದು ಮಲಗಿದ್ದಳು. ಅವಳಾಚೆ ಅಜ್ಜಿ, ನನ್ನ ಜೀವಮಾನದಲ್ಲಿ ಮೊದಲ ಬಾರಿಗೆ ಸೂರ್ಯ ಹುಟ್ಟಿದ ಮೇಲೂ ಮಲಗಿದ್ದರು, ಕೈ ಸೊಸೆಯ ತೋಳಿನ ಮೇಲಿತ್ತು. ಅಜ್ಜಿ ಎಂದು ಕೂಗಿದರೆ, ಭುಜ ಮುಟ್ಟಿದರೆ ಎದ್ದುಬಿಡುತ್ತಿದ್ದರು. ಅವರು ಆಮೇಲೂ ಹನ್ನೊಂದು ವರ್ಷ ಬದುಕಿದ್ದರು, ಕಾಫಿ ಕುಡಿಯದೆ. ಪಾಪ, ಇಷ್ಟು ದಿನದ ಮೇಲೆ ನಿದ್ದೆ ಬಂದಿದೆ, ಏಳಲಿ, ಆಮೇಲೆ ಹೇಳೋಣ ಎಂದುಕೊಂಡು ಸದ್ದಾಗದಂತೆ ಬಾಗಿಲು ಎಳೆದುಕೊಂಡೆ.